ಎರಡರಲ್ಲಿ ಒಂದು ಹೇಳುವ ಆಟ

ನಾನು ಚಿಕ್ಕವನಿದ್ದಾಗ, ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ, ಆಟವಾಡುತ್ತಾ ಒಂದು ಮಾತು ಹೇಳಿಬಿಟ್ಟೆ. ಮೊಮ್ಮಕ್ಕಳೇ, ಅದು ನೆನಪಾದರೆ ಈಗಲೂ ತಲೆ ತಗ್ಗಿಸುವ ಹಾಗಾಗುತ್ತದೆ.

ಬಾರ್ಕೂರಿನ ಹತ್ತಿರ ಹೊಳೆಯ ದಡದಲ್ಲಿ ನಮ್ಮ ಮನೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ನನ್ನನ್ನು ಆಡಿಸಲಿಕ್ಕೆ ಜನ ಬೇಕೆಂದು ಅವಳನ್ನು ತಡವಾಗಿ ಶಾಲೆಗೆ ಸೇರಿಸಿದ್ದರಿಂದ ಇಬ್ಬರೂ ಒಂದೇ ಕ್ಲಾಸಿನಲ್ಲಿದ್ದೆವು. ಅವಳು ಕ್ಲಾಸಿಗೇ ಮೊದಲು. ನಾನು ಲೆಕ್ಕದಲ್ಲಿ ಹೇಗೋ ಪಾಸಾದವನು. ಹೈಸ್ಕೂಲಿಗೆ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋಗಬೇಕಿತ್ತು. ಆದರೆ ಅಮ್ಮ ಸೊಂಟ ನೋವಿನಿಂದ ಹಾಸಿಗೆ ಹಿಡಿದಿದ್ದಳು. ಅಡುಗೆ, ದನ, ಗದ್ದೆ ಎಲ್ಲಕ್ಕೂ ಅಪ್ಪ ಒಬ್ಬನೇ. ಮಕ್ಕಳಲ್ಲಿ ಒಬ್ಬರು ಮನೆಯಲ್ಲಿ ನಿಲ್ಲಲೇಬೇಕು, ಯಾರನ್ನು ನಿಲ್ಲಿಸುವುದೋ ತಿಳಿಯುವುದಿಲ್ಲ ಎಂದು ಅಪ್ಪ ಒಂದು ಬೆಳಿಗ್ಗೆ ಅಮ್ಮನ ಹತ್ತಿರ ಮೆಲ್ಲಗೆ ಹೇಳುತ್ತಿದ್ದುದು ಬಚ್ಚಲಿನಲ್ಲಿದ್ದ ನನ್ನ ಕಿವಿಗೆ ಬಿತ್ತು.

ಅದೇ ಮಧ್ಯಾಹ್ನ ಅಂಗಳದ ಮಾವಿನ ಮರದಡಿ ಅಪ್ಪ, ಅಕ್ಕ, ನಾನು ತೆಂಗಿನ ಮಡಲು ಹೆಣೆಯುತ್ತಿದ್ದೆವು. ಮಳೆಗೆ ಮುಂಚೆ ಕೊಟ್ಟಿಗೆಯ ಮಾಡು ಹೊದೆಸಬೇಕಿತ್ತು. ನೆನೆಹಾಕಿದ ತೆಂಗಿನ ಗರಿಯ ಹುಳಿ ವಾಸನೆ, ಪಕ್ಕದ ಮನೆಯಲ್ಲಿ ಗೇರುಬೀಜ ಸುಡುವ ಹೊಗೆ. ಪಕ್ಕದ ಮನೆಯ ಹುಡುಗಿಯೂ ಬಂದು ಕುಳಿತಿದ್ದಳು. ಕೆಲಸಕ್ಕೆ ಬೇಸರ ಬಾರದಿರಲೆಂದು ಅವಳೇ ಆಟ ಶುರು ಮಾಡಿದಳು. ಅವಳು ಎರಡು ಹೇಳಬೇಕು, ನಾವು ಯೋಚಿಸದೆ ಒಂದನ್ನು ಆರಿಸಬೇಕು. ರೆಕ್ಕೆ ಬೇಕೋ, ಮೀನಿನ ಹಾಗೆ ನೀರೊಳಗೆ ಉಸಿರಾಡುವುದು ಬೇಕೋ? ವರ್ಷವಿಡೀ ಮಾವಿನಹಣ್ಣೋ, ಹಲಸಿನಹಣ್ಣೋ? ಅಕ್ಕ ಮೀನಾದಳು, ನಾನು ಹಕ್ಕಿಯಾದೆ. ಅಪ್ಪನೂ ನಗುತ್ತಿದ್ದ.

ಆಗ ಆ ಹುಡುಗಿ ಕೇಳಿದಳು: “ನಿಮ್ಮಿಬ್ರಲ್ಲ್ ಒಬ್ರೇ ಹೈಸ್ಕೂಲಿಗ್ ಹೋಯ್ಲಕ್ಕ್ ಅಂದ್ರೆ, ಯಾರ್ ಹೋಪ್ದ್?”

ಅವಳಿಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

“ನಾನೇ ಹೋತೆ” ಎಂದೆ.

ಅಪ್ಪನ ಕೈ ನಿಂತಿತು. ಅಕ್ಕ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಗರಿಯ ಕಡೆ ಬಗ್ಗಿ, “ಅಂವ ಹೋಯ್ಲಿ. ನಂಗ್ ಅಡ್ಡಿಲ್ಲ” ಎಂದಳು.

ಸಂಜೆ ರಾಗಿ ಮಣ್ಣಿಯ ಸಿಹಿ ತುಂಡು ತಿನ್ನುವಾಗ ಅಪ್ಪ ಮಕ್ಕಳೇ ತೀರ್ಮಾನ ಮಾಡಿದ್ದಾರೆಂದು ಅಮ್ಮನಿಗೆ ಹೇಳಿದ. ಅವನ ದನಿಯಲ್ಲಿ ಭಾರ ಇಳಿದಂತಿತ್ತು. ನಾನು ಮಣ್ಣಿಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದೆ.

ಜೂನಿನಿಂದ ಅಕ್ಕ ಕಟ್ಟಿಕೊಟ್ಟ ಬುತ್ತಿ ಹಿಡಿದು ನಾನು ದೋಣಿ ಹತ್ತಿದೆ. ಸಂಜೆ ಬಂದರೆ ಅವಳು ಒಲೆಯ ಮುಂದೆ ನನ್ನ ಪುಸ್ತಕ ಓದಿ, ತಾನೇ ಕಲಿತು, ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಮಾಸ್ತರರು ಕ್ಲಾಸಿನಲ್ಲಿ ನನ್ನನ್ನು ಹೊಗಳಿದರು. ಅದು ಅಕ್ಕ ಬಿಡಿಸಿದ ಲೆಕ್ಕ ಎಂದು ನಾನು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ತಲ್ಲೂರಿನಲ್ಲಿರುವ ಅವಳ ಮನೆಗೆ ಹೋದಾಗ ಎಲ್ಲವನ್ನೂ ಒಪ್ಪಿಕೊಂಡೆ. ಹೂವು ಕಟ್ಟುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ.

“ಬೆಳಿಗ್ಗೆ ಅಪ್ಪ ಹೇಳಿದ್ದ್ ನಾನೂ ಕೇಂಡಿದ್ದೆ. ನೀ ‘ಇಬ್ರೂ ಹೋಪ’ ಅಂದೇಳಿ ಹೇಳ್ತ್ಯೇನೋ ಅಂದ್ಕಂಡ್ ಒಂದ್ ಗಳ್ಗಿ ಕಾದೆ” ಎಂದಳು. ಇಬ್ಬರೂ ಹೋಗೋಣ ಎನ್ನುವುದು ಅಂದು ನನಗೆ ಹೊಳೆದೇ ಇರಲಿಲ್ಲ. ಅಕ್ಕ ಚಾ ಮಾಡಲು ಒಳಗೆ ಹೋದಳು.

ಈಗ ನೀವು ಅಣ್ಣ ತಂಗಿ ಅಂಥದ್ದೇ ಆಟವನ್ನು ಫೋನಿನಲ್ಲಿ ಆಡುತ್ತೀರಿ. ಬೇಡದ ಪ್ರಶ್ನೆ ಬಂದರೆ ಬೆರಳಿನಿಂದ ಆಚೆ ಸರಿಸುತ್ತೀರಿ. ಬೆಳಿಗ್ಗೆ ಮನೆ ಬಾಗಿಲಿಗೇ ಶಾಲೆಯ ವ್ಯಾನು ಬರುತ್ತದೆ, ಕಿಟಕಿಯ ಸೀಟು ಯಾರಿಗೆ ಎಂದು ಇಬ್ಬರೂ ಜಗಳವಾಡುತ್ತಾ ಹತ್ತುತ್ತೀರಿ. ನಿಮ್ಮಮ್ಮ ಗದರಿಸುತ್ತಾಳೆ. ನಾನು ಮಾತ್ರ ಜಗಲಿಯಲ್ಲಿ ನಿಂತು, ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಆ ಜಗಳ ಕೇಳುತ್ತಿರುತ್ತೇನೆ.