ಇಬ್ಬರು ರೇಣುಕಾ, ಒಂದು ಫ್ರಾಕು

ಅದು 1997ರ ಬೇಸಿಗೆ. ನನ್ನ ಯಜಮಾನರಿಗೆ ಲಿಂಗಸುಗೂರಿನಿಂದ ಮಸ್ಕಿಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಹೊರದೇಶದ ವಿಜ್ಞಾನಿಗಳು ಒಂದು ಕುರಿಯ ಕೆಚ್ಚಲಿನ ಕಣದಿಂದ ಥೇಟ್ ಅಂಥದೇ ಇನ್ನೊಂದು ಕುರಿಯನ್ನು ಹುಟ್ಟಿಸಿದ್ದಾರೆಂಬ ಸುದ್ದಿ ಆಗ ಪತ್ರಿಕೆಗಳಲ್ಲೆಲ್ಲ ಇತ್ತು. ಕಾನ್ವೆಂಟಿನಲ್ಲಿ ಓದಿದವಳು ನಾನು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಸಮಾಧಾನವಿಲ್ಲ. ನನ್ನ ಮಾತು ಕೇಳಲು ಸಿಕ್ಕವಳು ಹಿಂದಿನ ಮನೆಯ ಹುಲಿಗೆಮ್ಮ.

ಹುಲಿಗೆಮ್ಮನ ಊರು ಗುರುಗುಂಟಾ ಕಡೆ. ಗಂಡ ಕುರಿ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಇವಳು ಮಗಳು ರೇಣುಕಾಳ ಜೊತೆ ಮಸ್ಕಿಯಲ್ಲಿದ್ದಳು. ಮಧ್ಯಾಹ್ನ ತಾಯಿ ಮಗಳಿಬ್ಬರೂ ನಮ್ಮ ನಲ್ಲಿಗೆ ನೀರಿಗೆ ಬರುತ್ತಿದ್ದರು.

"ಅದಾ ಬಣ್ಣ, ಅದಾ ಮುಖ ಏನ್ರಿ ಅಕ್ಕಾರ?" ಎಂದಳು ಹುಲಿಗೆಮ್ಮ, ಪತ್ರಿಕೆಯ ಚಿತ್ರ ನೋಡುತ್ತ.

"ಒಂದು ಕೂದಲೂ ಫರಕ್ ಇಲ್ಲ. ಅಪ್ಪ ಬೇಕಾಗೇ ಇಲ್ಲ."

"ಹಂಗಾದ್ರ ಟಗರಿಗೆ ಇನ್ನ ಕೆಲಸಿಲ್ಲ ಬಿಡ್ರಿ! ನಮ್ಮನಿಯವ್ರು ಬರ್ಲಿ, ಹೇಳ್ತೀನಿ" ಎಂದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಮನಷ್ಯಾರ್ನೂ ಮಾಡ್ತಾರೇನ್ರಿ? ಸತ್ತೋರ್ನ?"

"ಮಾಡಬಹುದು ಅಂತಾರ ಕೆಲವರು. ಮಾಡಬಾರದು ಅಂತ ಜಗಳಾನೂ ನಡದೈತಿ" ಎಂದೆ. ಕೊಡ ತುಂಬಿ ಹರಿಯುತ್ತಿದ್ದರೂ ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ನಾನು ಆಡಿದ ಮಾತು ಎಲ್ಲಿಗೆ ಹೋಗಿ ತಾಕಿತೆಂದು ನನಗೆ ಆಗ ತಿಳಿಯಲಿಲ್ಲ.

ರೇಣುಕಾ ಬಡಕಲು ಹುಡುಗಿ. ಎಂಟು ವರ್ಷದ ಮಗು, ಆದರೆ ಓಡಿ ಆಡಿದ್ದನ್ನು ನಾನು ನೋಡಿಲ್ಲ. ಯಾವಾಗಲೂ ಅದೇ ನೀಲಿ ಫ್ರಾಕು. ಪಕ್ಕದ ಹೊಲಿಗೆಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಹೊಲಿದಿದ್ದರು. ಕೆಳತುಟಿಯ ಕೆಳಗೆ ಎಡಕ್ಕೆ ದಿನವೂ ಒಂದು ಕಪ್ಪು ಚುಕ್ಕೆ. ದೃಷ್ಟಿ ಬೊಟ್ಟು ಕೆನ್ನೆಗೆ ಇಡುವುದು ಬಿಟ್ಟು ಇಲ್ಲೇಕೆ ಇಡುತ್ತಾರೆಂದು ಅಂದುಕೊಂಡಿದ್ದೆ. ನಾನು ಕೊಟ್ಟ ಮಂಡಕ್ಕಿಯನ್ನು ಅವಳು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಅವರು ಹೋದ ಮೇಲೆ ನೋಡಿದರೆ ಅಷ್ಟೂ ಮಂಡಕ್ಕಿ ನಲ್ಲಿಯ ಕಲ್ಲಿನ ಹಿಂದೆ ಇರುವೆ ಮುತ್ತಿ ಬಿದ್ದಿರುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಹುಲಿಗೆಮ್ಮ ಬಂದು, "ಅಕ್ಕಾರ, ಒಂದು ಕಾಗದ ಬರಕೊಡ್ರಿ. ಇಂಗ್ಲೀಷಿನಾಗ" ಎಂದು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಲ್ಲಿ ಒಂದು ಫೋಟೋ ಕಂಡಿತು. ನೀಲಿ ಫ್ರಾಕು, ತುಟಿಯ ಕೆಳಗೆ ಚುಕ್ಕೆ.

"ರೇಣುಕಾಂದು ಚಂದ ಬಂದೈತಲ್ಲ ಫೋಟೋ" ಎಂದೆ.

"ಅಕಿ ದೊಡ್ಡಾಕ್ರಿ" ಎಂದಳು ಹುಲಿಗೆಮ್ಮ. "ಏಳು ತುಂಬಿತ್ತು. ಜ್ವರ ಬಂದು ಹೋದ್ಲು. ಮರುವರ್ಷ ಇಕಿ ಹುಟ್ಟಿದ್ಲು. ಅಕೀನಾ ಬಂದಾಳ ಅಂತ ಅದಾ ಹೆಸರಿಟ್ವಿ."

ಫೋಟೋಕ್ಕೆ ಹಾರವಿರಲಿಲ್ಲ, ಕುಂಕುಮವಿರಲಿಲ್ಲ. ಅದರ ಕೆಳಗೇ ಹುಡುಗಿ ಗೋಡೆಗೆ ಆತು ನಿಂತಿದ್ದಳು. ಮೇಲೊಂದು ಮುಖ, ಕೆಳಗೊಂದು ಮುಖ. ಎರಡೂ ನನ್ನನ್ನೇ ನೋಡುತ್ತಿದ್ದವು.

ಹುಲಿಗೆಮ್ಮ ಟ್ರಂಕಿನಿಂದ ಒಂದು ಹಣಿಗೆ ತೆಗೆದಳು. ಹಲ್ಲುಗಳ ನಡುವೆ ನಾಲ್ಕಾರು ಕೂದಲೆಳೆ ಸಿಕ್ಕಿಕೊಂಡಿದ್ದವು.

"ಅಕೀ ಹಣಿಗಿ ಇದು, ತೊಳದಿಲ್ರಿ. ಇದರಾಗಿಂದ ಮಾಡ್ತಾರೇನು ಕೇಳ್ರಿ ಆ ಕುರಿ ಮಾಡಿದೋರ್ನ. ಇಕೀನ ಎಷ್ಟ ತಿದ್ದಿದ್ರೂ ಅಕಿ ಆಗವಲ್ಲಳು. ಅಕಿ ಏಳಕ್ಕ ನಿಂತಳು. ಇಕಿ ಅದನ್ನ ದಾಟ್ಯಾಳ. ಮುಂದ ಅಕಿ ಹೆಂಗಿರ್ತಿದ್ಲು ಅಂತ ನನಗೆಲ್ಲಿ ಗೊತ್ತೈತ್ರಿ?"

ಮಗುವಿನ ಮುಂದೆಯೇ ಇದನ್ನೆಲ್ಲ ಹೇಳಿದಳು. ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ವಿಳಾಸವಿಲ್ಲದ ಕಾಗದ, ಎಲ್ಲಿಗೂ ಮುಟ್ಟುವುದಿಲ್ಲ, ಪಾಪ ಅವಳಿಗೆ ಸಮಾಧಾನವಾದರೂ ಆಗಲಿ ಎಂದುಕೊಂಡು 'ರೆಸ್ಪೆಕ್ಟೆಡ್ ಸರ್' ಎಂದು ಶುರು ಮಾಡಿಯೇಬಿಟ್ಟೆ. ಹುಲಿಗೆಮ್ಮ ಚಹಕ್ಕೆ ಸಕ್ಕರೆ ತರಲು ಪಕ್ಕದ ಮನೆಗೆ ಹೋದಳು.

ಹುಡುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಅಕ್ಕಾರ, ಅಕಿ ಲಗೂನ ಬರ್ತಾಳೇನ್ರಿ?"

"ಯಾಕವ್ವಾ?"

"ಅಕಿ ಬಂದ್ರ ನಾ ಉಣ್ಣಬೌದಲ್ರಿ."

"ಈಗ್ಯಾಕ ಉಣ್ಣವಲ್ಲಿ?"

"ಉಂಡ್ರ ಬೆಳೀತೀನಿ. ಅಂಗಿ ಹಿಡಿಯಂಗಿಲ್ಲ. ಅವ್ವ ಅಳ್ತಾಳ."

ಸೆರಗಿನಿಂದ ಅವಳ ಮುಖದ ಬೆವರು ಒರೆಸಿದೆ. ತುಟಿಯ ಕೆಳಗಿನ ಚುಕ್ಕೆ ಸೆರಗಿಗೆ ಬಂತು. ಕಾಡಿಗೆ. ಅಕ್ಕನಿಗಿದ್ದ ಮಚ್ಚೆಯನ್ನು ತಂಗಿಗೆ ದಿನಾ ಬೆಳಿಗ್ಗೆ ಬರೆಯುತ್ತಿದ್ದರು! ಹುಡುಗಿ ಗದ್ದವನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಹಚ್ಚಿಬಿಡ್ರಿ ಅಕ್ಕಾರ, ಅವ್ವ ಬರೋದ್ರೊಳಗ."

ಹುಲಿಗೆಮ್ಮ ಬಂದಾಗ ನಾನು ಪೆನ್ನು ಕೆಳಗಿಟ್ಟಿದ್ದೆ. "ಈ ಮಗು ಉಣ್ಣವಲ್ತು. ಬೆಳೀಬಾರ್ದು ಅಂತ ಉಪವಾಸ ಐತಿ. ಗೊತ್ತೈತೇನು ನಿನಗ?" ಎಂದೆ.

"ಬ್ಯಾಸಗಿ ರೀ, ಯಾರಿಗೆ ಊಟ ಸೇರ್ತದ" ಎಂದಳು. ಆದರೆ ಅವಳ ಕಣ್ಣು ಮಗಳ ಗದ್ದದ ಮೇಲೆ ನಿಂತಿತು.

"ಕೇಳಿಲ್ಲಿ. ಅವರು ಮಾಡಿದ್ರೂ ಕೂಸು ಮಾಡ್ತಾರ, ನಿನ್ನ ಮಗಳನ್ನಲ್ಲ. ಅದಕ್ಕ ನೀ ಯಾರಂತ ನೆಪ್ಪು ಇರಂಗಿಲ್ಲ. ಅದೂ ಏಳು ದಾಟತೈತಿ. ಆವಾಗ ಇನ್ನೊಂದು ಮಾಡಸ್ತಿ ಏನು?"

ಅವಳಿಗೆ ಸಿಟ್ಟು ಬಂತು. "ಓದಿದೋರಿಗೆ ಏನ್ ಗೊತ್ತ್ರಿ ನಮ್ಮ ಹಟ್ಟಿ ಸಂಗತಿ? ಮರಿ ಸತ್ರ ತಾಯಿ ಕುರಿ ಇನ್ನೊಂದು ಮರೀನ ಹತ್ರ ಬಿಟಗೊಳಂಗಿಲ್ಲ, ಒದೀತದ. ಸತ್ತ ಮರಿ ತೊಗಲು ಸುಲದು ಬದುಕಿದ ಮರಿಗೆ ಹೊದಸ್ತೀವಿ. ವಾಸನಿ ನೋಡಿ ತನ್ನ ಮರೀನಾ ಅಂತ ಹಾಲ್ ಕೊಡ್ತದ. ಇಕಿ ಹುಟ್ಟಿದಾಗ ನನಗೂ ಮುಖ ನೋಡಾಕ ಮನಸಿರ್ಲಿಲ್ರಿ. ದೊಡ್ಡಾಕಿ ಕುಲಾಯಿ ತಲಿಗೆ ಹಾಕಿದ ಮ್ಯಾಲ ಎದಿಗೆ ಹಚಗೊಂಡೆ. ಹಂಗ ಬದುಕ್ಯಾಳ ಇಕಿ."

ನಿಜವಾಗಿಯೂ ತಿಳಿಯದೆ ಕೇಳಿದೆ. "ತೊಗಲು ಎಷ್ಟು ದಿನ ಇಡ್ತೀರಿ?"

"ಮೂರು ದಿನ, ನಾಕು ದಿನ. ಅಷ್ಟರಾಗ ಹಾಲು ಕುಡದು ಮರಿಗೆ ತಾಯಿದಾ ವಾಸನಿ ಬಂದಿರ್ತದ. ಬಿಚ್ಚಿ ಬಿಸಾಕ್ತೀವಿ."

"ಬಿಚ್ಚಲಿಲ್ಲಂದ್ರ?"

"ಕೊಳೀತದ. ಹುಳ ಬೀಳ್ತಾವು. ಒಳಗಿನ ಮರಿ..."

ಒಲೆಯ ಮೇಲೆ ಚಹ ಉಕ್ಕಿ ಚುರ್ ಎಂದಿತು. ಹುಲಿಗೆಮ್ಮ ಅತ್ತ ನೋಡಲೇ ಇಲ್ಲ.

ಎದ್ದು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆನ್ನಿನ ಹುಕ್ಕುಗಳು ಬಿಗಿದು ಬಿಚ್ಚಲು ಬರಲಿಲ್ಲ. ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು ಕೊರಳಿನಿಂದ ಸೊಂಟದವರೆಗೆ ಫ್ರಾಕನ್ನು ಸೀಳಿದಳು. ಹುಡುಗಿ ಕಣ್ಣು ಮುಚ್ಚಿ ಅಲುಗದೆ ನಿಂತಿದ್ದಳು. ಎಣಿಸಬಹುದಾದ ಪಕ್ಕೆಲುಬುಗಳು, ಅವುಗಳ ಮೇಲೆ ಹೊಲಿಗೆ ಒತ್ತಿದ ಕೆಂಪು ಗೆರೆಗಳು. ಹುಲಿಗೆಮ್ಮ ಆ ಗೆರೆಯ ಮೇಲೆ ಬೆರಳಾಡಿಸಿದಳು, ಮೊದಲ ಸಲ ಆ ಮೈ ನೋಡುವವಳ ಹಾಗೆ.

"ಅವ್ವಾ, ಈಗ ನಾ ಯಾರು?" ಎಂದು ಕೇಳಿತು ಮಗು.

ಹುಲಿಗೆಮ್ಮ ತನ್ನದೊಂದು ಸೀರೆಯನ್ನು ಮಡಚಿ ಅವಳಿಗೆ ಸುತ್ತಿ, ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿದಳು. ತುತ್ತು ಬಾಯಿಯ ಹತ್ತಿರ ಹಿಡಿದಳು. "ತಿನ್ನ, ಸಣ್ಣಾಕಿ."

ನಾನು ಕಾಗದ ಮಡಚಿಕೊಂಡು ಮನೆಗೆ ಬಂದು ಹರಿದು ಹಾಕಿದೆ. ಮರುವರ್ಷ ನಮಗೆ ಸಿಂಧನೂರಿಗೆ ವರ್ಗವಾಯಿತು. ಆ ವೇಳೆಗೆ ಹುಡುಗಿಯ ಕೆನ್ನೆ ತುಂಬಿಕೊಂಡಿತ್ತು. ಓಣಿಯವರೆಲ್ಲ ಅವಳನ್ನು ಸಣ್ಣಾಕಿ ಎಂದೇ ಕರೆಯುತ್ತಿದ್ದರು.

ಮನುಷ್ಯರ ಪಡಿಯಚ್ಚು ತೆಗೆಯಬಹುದೋ ಬಾರದೋ ಎಂದು ಬಲ್ಲವರು ಈಗಲೂ ವಾದಿಸುತ್ತಾರೆ. ಆ ವಿದ್ಯೆ ನನಗೆ ತಿಳಿಯದು. ಆದರೆ ಆ ಮಧ್ಯಾಹ್ನ ಮಗು ಉಂಡ ರೀತಿ ಮಾತ್ರ ಇವತ್ತಿಗೂ ಮರೆತಿಲ್ಲ. ಪ್ರತಿ ತುತ್ತು ನುಂಗಿದ ಮೇಲೂ ಅದು ತಾಯಿಯ ಮುಖ ನೋಡುತ್ತಿತ್ತು, ಇನ್ನೂ ಒಂದು ತುತ್ತಿನಷ್ಟು ಬೆಳೆಯಬಹುದೇ ಎಂದು ಕೇಳುವಂತೆ.