ಒಳಬರುವ ಕಣಗಳ ಲೆಕ್ಕ ಹೊತ್ತು ಸಿಂಧನೂರಿಗೆ

ತೊಂಬತ್ತರ ದಶಕದ ಆರಂಭ. ಲಿಂಗಸುಗೂರಿನಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟೆ. ಸಿಂಧನೂರಿಗೆ ಎರಡು ತಾಸಿನ ದಾರಿ, ಆಗಲೇ ಚುರುಗುಟ್ಟುವ ಬಿಸಿಲು. ಚೀಲದಲ್ಲಿ ಒಂದು ಫ್ಲಾಪಿ. ನನ್ನ ಮೂರು ವರ್ಷದ ದುಡಿಮೆಯೆಲ್ಲ ಅದರಲ್ಲೇ. ರಜೆಗೆ ಬಂದಿದ್ದ ನಮ್ಮೂರಲ್ಲಿ ಕಂಪ್ಯೂಟರ್ ಇರಲಿಲ್ಲ. ಸಿಂಧನೂರಿನ ಗೆಳೆಯ ಶರಣಪ್ಪನ ತರಬೇತಿ ಕೇಂದ್ರದಲ್ಲಿ ಒಂದಿತ್ತು.

ಕಣ ವೇಗವರ್ಧಕ ಯಂತ್ರದ ಉಂಗುರದಂಥ ಕೊಳವೆಯಲ್ಲಿ ಎರಡು ಕಣಪುಂಜಗಳು ಎದುರುಬದುರಾಗಿ ಸುತ್ತುತ್ತವೆ. ಹೊಸ ಕಣಗಳನ್ನು ಒಳಬಿಟ್ಟಾಗ ಅವು ತುಸು ಪಕ್ಕಕ್ಕೆ ಸರಿದೇ ಬರುತ್ತವೆ. ಎದುರಿನ ಪುಂಜ ಅವನ್ನು ದೂಡುತ್ತದೆ. ಅವು ಉಳಿಯುತ್ತವೆಯೋ, ಗೋಡೆಗೆ ಬಡಿದು ಹಾಳಾಗುತ್ತವೆಯೋ ಎಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ನನ್ನ ಕೆಲಸ. ಬಹುಪಾಲು ಹಾಳಾಗುತ್ತವೆ ಎಂದಿತ್ತು ನನ್ನ ಲೆಕ್ಕ. ಮರುದಿನ ಕಲ್ಕತ್ತೆಯ ಸಭೆಯಲ್ಲಿ ನನ್ನ ಸಂಶೋಧನೆಯ ಗುರುಗಳು ಅದನ್ನೇ ಓದುವವರಿದ್ದರು. ನನಗೆ ಸಿಗಬೇಕಿದ್ದ ನೌಕರಿಯೂ ಅದರ ಮೇಲೇ ನಿಂತಿತ್ತು. ಕಡೆಯದೊಂದು ಅಂಕಿಯನ್ನು ಫೋನಿನಲ್ಲಿ ತಿಳಿಸುವುದಷ್ಟೇ ಬಾಕಿ.

ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಇಳಿಯುವವರ ನಡುವೆಯೇ ಹತ್ತಲು ಹೋಗಿ ಚಪ್ಪಲಿ ಹರಿದುಕೊಂಡೆ. ಬೆಳ್ಳುಳ್ಳಿ ಮಾರುವ ಸಂತೆಕಲ್ಲೂರಿನ ಈರಮ್ಮ ಕಿಟಕಿಯಿಂದ ಒಳಕ್ಕೆ ಟವೆಲ್ ಒಗೆದು ಸೀಟು ಹಿಡಿದು, ಆರಾಮಾಗಿ ದೂರ ನಿಂತಿದ್ದಳು. ನಿನಗೆ ಅವಸರವಿಲ್ಲವೇನಮ್ಮಾ ಎಂದು ಕೇಳಿದೆ.

"ದೂರ ನಿಂತವ್ರನ್ನ ಯಾರು ದೂಡ್ತಾರ್ರೀ? ಬಾಗಿಲ ಹತ್ರ ಹೋದ್ರಷ್ಟ ದೂಡೋದು" ಅಂದಳು.

ಬಸ್ಸಿನಲ್ಲಿ ಕೂತ ಮೇಲೆ ಅವಳ ಮಾತು ನನ್ನನ್ನು ಚುಚ್ಚತೊಡಗಿತು. ನನ್ನ ಪ್ರೋಗ್ರಾಮಿನಲ್ಲಿ ಎದುರಿನ ಪುಂಜದ ನಡುವಿನಿಂದ ದೂರ ಹೋದಷ್ಟೂ ದೂಡುವ ಬಲ ಹೆಚ್ಚುತ್ತಿತ್ತು. ಪುಂಜದ ನಡುವಿರುವ ಕಣಗಳಿಗೆ ಆ ಸೂತ್ರ ಸರಿ. ಅಂಚು ದಾಟಿದರೆ ಬಲ ಇಳಿಯುತ್ತದೆ. ಹೊಸ ಕಣಗಳು ಬರುವುದೇ ಆ ಅಂಚಿನ ಹೊರಗಿನಿಂದ. ಹಳೆಯ ಪ್ರೋಗ್ರಾಮಿನ ಸಾಲನ್ನು ಹಾಗೇ ಎತ್ತಿ ಹಾಕಿಕೊಂಡಿದ್ದೆ. ಎಂಥ ಹುಂಬ ನಾನು!

ಶರಣಪ್ಪ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ. ನಾನು ಆ ಸಾಲು ತಿದ್ದಿ ಮತ್ತೆ ಓಡಿಸಿದೆ. ಎರಡು ಸಲ ಕರೆಂಟು ಹೋಗಿ ಮೊದಲಿನಿಂದ ಶುರು ಮಾಡಬೇಕಾಯಿತು. ನಾಲ್ಕು ಗಂಟೆಗೆ ಉತ್ತರ ಬಂತು: ಹೊಸ ಕಣಗಳು ಬಹುತೇಕ ಎಲ್ಲವೂ ಉಳಿದಿದ್ದವು.

ವಿಷಯ ಕೇಳಿ ಶರಣಪ್ಪ, "ಹೇಳಬ್ಯಾಡ ಬಿಡಲೇ. ಕಲ್ಕತ್ತಾದಾಗ ಯಾರು ನೋಡಾಕತ್ತಾರ?" ಅಂದ.

ಎಸ್‌ಟಿಡಿ ಬೂತಿಗೆ ಹೋಗಿ ಕಲ್ಕತ್ತೆಯಲ್ಲಿದ್ದ ಗುರುಗಳಿಗೆ ಫೋನು ಮಾಡಿದೆ. "ಸರ್, ಲೆಕ್ಕ ತಪ್ಪಾಗಿದೆ. ತಪ್ಪು ನನ್ನದು" ಎಂದೆ. ಇದು ಬೇರೆ ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಇಲ್ಲ ಸರ್, ಇಲ್ಲಿನ ಗೆಳೆಯನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದೆ.

"ಸರಿ. ನಾಳೆ ನಾನೇ ಎದ್ದು ನಿಂತು ತಪ್ಪಾಗಿದೆ ಅಂತ ಹೇಳ್ತೀನಿ" ಎಂದು ಫೋನಿಟ್ಟರು.

ಮರಳುವ ಬಸ್ಸು ಸಿಂಧನೂರು ದಾಟಿತು. ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಅವರು ಆ ಪ್ರಶ್ನೆ ಕೇಳಿದಾಗ, ಸುಮ್ಮನಿದ್ದುಬಿಡು ಎನ್ನಲಿ ಎಂದು ನಾನು ಉಸಿರು ಬಿಗಿಹಿಡಿದು ಕಾದಿದ್ದೆ ಎನ್ನುವುದು ನನಗೆ ಹೊಳೆದದ್ದು ಆಗ.