ಚಿಕ್ಕಪ್ಪನ ಸ್ಪೀಕರ್ ಪೆಟ್ಟಿಗೆ

ಬಂಗಾರಪೇಟೆ ಸ್ಟೇಷನ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಸಾಕು, ನಾನು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯಲ್ಲಿರುತ್ತೇನೆ. ಅಲ್ಲಿನ ಜಗಲಿಯಲ್ಲಿ ಮುನಿರಾಜು ಚಿಕ್ಕಪ್ಪ ಹಳೆಯ ರೇಡಿಯೊಗಳನ್ನು ಕಿತ್ತು ಸ್ಪೀಕರ್ ಪೆಟ್ಟಿಗೆ ಕಟ್ಟುತ್ತಿದ್ದ. ಅವನೂ ಉರಿಗಾಂನ ಮೂವರು ಗೆಳೆಯರೂ ಸೇರಿ ಕಿವಿಗಡಚಿಕ್ಕುವ ಹೆವಿ ಮೆಟಲ್ ಸಂಗೀತದ ಬ್ಯಾಂಡ್ ಮಾಡಿಕೊಂಡಿದ್ದರು. ಆಗ ನಮ್ಮ ಕಡೆ ಆ ಹೆಸರು ಕೇಳಿದವರೇ ಇರಲಿಲ್ಲ. ನೆಲದಾಳದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ನಡುಗುವುದಕ್ಕೆ ನಮ್ಮಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಬ್ಯಾಂಡಿಗೂ ಅದೇ ಹೆಸರಿಟ್ಟರು. ಅವರು ನುಡಿಸಿದಾಗಲೂ ಅಮ್ಮನ ಪಾತ್ರೆಗಳು ನಡುಗುತ್ತಿದ್ದವು.

ಅಪ್ಪ ಗಣಿ ಗೇಟಿನಲ್ಲಿ ತಪಾಸಣೆಯವನು. ಪಾಳಿ ಮುಗಿಸಿ ಮೇಲೆ ಬಂದವರ ಜೇಬು, ಬೂಟು, ಊಟದ ಡಬ್ಬಿಯ ತಳ, ಎಲ್ಲ ತಟ್ಟಿ ನೋಡುವುದೇ ಅವನ ಕೆಲಸ. ಮನೆಗೆ ಬಂದರೂ ಆ ಕೈ ಸುಮ್ಮನಿರುತ್ತಿರಲಿಲ್ಲ. ನನ್ನ ಸ್ಕೂಲ್ ಬ್ಯಾಗನ್ನೂ ತಟ್ಟುತ್ತಿತ್ತು, ನೆಂಟರು ತಂದ ಲಾಡು ಡಬ್ಬಿಯನ್ನೂ ತಟ್ಟುತ್ತಿತ್ತು. ಯಾರನ್ನೂ ನಂಬದ ಆ ಬುದ್ಧಿ ನನಗೂ ಬಂದಿದೆ ಎಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಬ್ಯಾಂಡಿನವರು ಮೊದಲ ಸಲ ಬೆಂಗಳೂರಿನಲ್ಲಿ ನುಡಿಸಲು ಹೊರಟ ಬೆಳಿಗ್ಗೆ, ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಒಂದು ಸಲ ಅಭ್ಯಾಸ ನಡೆಸುತ್ತಿದ್ದರು. ಟೇಪು ಓಡುತ್ತಿರುವಾಗಲೇ ಅಪ್ಪ ಬಂದು ಪೆಟ್ಟಿಗೆ ತಟ್ಟಿದ. ಅದಿರಿನ ಚೂರು ಸಾಗಿಸುತ್ತಿದ್ದಾರೆಂಬ ಗುಮಾನಿ ಅವನಿಗೆ.

"ಪೆಟ್ಟಿಗೆ ಬಿಚ್ಚಲಾ ಮುನಿ."

"ಬರೀ ತಂತಿ ಕಣಣ್ಣ, ಒಳಗೇನೂ ಇಲ್ಲ."

"ಏನೂ ಇಲ್ದಿದ್ರೆ ಬಿಚ್ಚಾಕೇನು?"

ಅಪ್ಪನೇ ಸ್ಕ್ರೂಡ್ರೈವರ್ ಹಾಕಿದ. ಅದು ಜಾರಿ ಸ್ಪೀಕರಿನ ಕಾಗದದ ಪರದೆ ಪರ್ರನೆ ಹರಿದು ತೂತಾಯಿತು. ಒಳಗೆ ತಂತಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ಅಳುತ್ತಾ ಹಿತ್ತಲಿಗೆ ಓಡಿದೆ. ಮುಂದೆ ಚಿಕ್ಕಪ್ಪ ಬಂಗಾರಪೇಟೆಯಲ್ಲಿ ಬೇರೆ ಮನೆ ಮಾಡಿದಾಗ, ಬ್ಯಾಂಡ್ ಚದುರಿದಾಗ, ಎಲ್ಲಕ್ಕೂ ಆ ತೂತೇ ಕಾರಣ ಎಂದುಕೊಂಡೆ. ಗಣಿ ಮುಚ್ಚಿತು, ಅಪ್ಪ ಹೋದ, ಹೋದ ವರ್ಷ ಚಿಕ್ಕಪ್ಪನೂ ಹೋದ. ಆ ಬೆಳಗಿನ ಕ್ಯಾಸೆಟ್ ನನ್ನ ಕೈಗೆ ಬಂತು. ಎಷ್ಟು ಸಲ ಹಾಕಿದರೂ ಅಪ್ಪನ "ಪೆಟ್ಟಿಗೆ ಬಿಚ್ಚಲಾ" ಬಂದೊಡನೆ ನಿಲ್ಲಿಸಿಬಿಡುತ್ತಿದ್ದೆ. ನಿಮ್ಮ ಮನೆಯಲ್ಲೂ ಹೀಗೆ ಅರ್ಧಕ್ಕೆ ನಿಲ್ಲಿಸಿದ ದನಿಯೊಂದು ಇರಬಹುದು.

ಮೊನ್ನೆ ಬೆಂಗಳೂರಿನಿಂದ ಗಿಟಾರ್ ನುಡಿಸುವ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಏರ್‌ಬ್ಲಾಸ್ಟ್ ಗಿಟಾರಿನ ಗೊರಗೊರ ದನಿಯನ್ನು ಅವಳ ಮೇಷ್ಟ್ರು ಈಗಲೂ ನೆನೆಯುತ್ತಾರಂತೆ, ಅದು ಹೇಗೆ ಬಂತೆಂದು ಯಾರಿಗೂ ತಿಳಿದಿಲ್ಲವಂತೆ. ಕ್ಯಾಸೆಟ್ ಇದ್ದರೆ ಕಾಪಿ ಮಾಡಿಕೊಳ್ಳುತ್ತೇನೆಂದಳು. ನನಗೆ ಅನುಮಾನ. ಅಪ್ಪ ಸ್ವಂತ ತಮ್ಮನನ್ನೇ ಕಳ್ಳನ ಹಾಗೆ ಕಂಡದ್ದನ್ನು ನಾಲ್ಕು ಜನಕ್ಕೆ ಕೇಳಿಸಿ ನಗುವುದಕ್ಕೇ ಬಂದಿದ್ದರೆ? "ಬ್ಯಾಗ್ ಬಿಚ್ಚಮ್ಮ" ಎಂದೆ. ಅವಳು ಯಾಕೆಂದೂ ಕೇಳದೆ ಬಿಚ್ಚಿದಳು. ನೀರಿನ ಬಾಟಲಿ, ಎರಡು ಬನ್ನು, ಒಂದು ಸುರುಳಿ ತಂತಿ. ನನಗೆ ನಾಚಿಕೆಯಾಗಿ ಕ್ಯಾಸೆಟ್ ಹಾಕಿದೆ, ಈ ಸಲ ನಿಲ್ಲಿಸಲಿಲ್ಲ.

ಅಪ್ಪನ ಮಾತು ಬಂತು. ಕಾಗದ ಹರಿಯಿತು. ನಾನು ಅಳುತ್ತಾ ಓಡಿದ್ದೂ ಕೇಳಿಸಿತು. ಆಮೇಲೆ ಚಿಕ್ಕಪ್ಪ ಗಿಟಾರಿನ ತಂತಿ ಮೀಟಿದ, ಹರಿದ ಸ್ಪೀಕರ್ ಗೊರಗೊರ ಎಂದಿತು. "ಇದೇ" ಎಂದು ಹುಡುಗಿ ನೆಟ್ಟಗೆ ಕೂತಳು.

"ಅಣ್ಣಾ," ಎಂದ ಚಿಕ್ಕಪ್ಪ ಟೇಪಿನೊಳಗಿಂದ, "ಇನ್ನೊಂದು ತೂತು ಆಕು."

ಯಾರೋ ಜೋರಾಗಿ ನಕ್ಕರು.

"ನಗ್ತಿರೋದು ಯಾರು?" ಹುಡುಗಿ ಕೇಳಿದಳು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದೂ ನಾನು ಕೇಳಿರದ ನಗು ಅದು, ದನಿ ಮಾತ್ರ ಗೊತ್ತಿದ್ದದ್ದೇ. "ಅಪ್ಪ" ಎಂದು ಹೇಳುವಷ್ಟರಲ್ಲಿ ಟೇಪು ಮುಗಿದಿತ್ತು.